ಡಾಪ್ಲರ್ ಸ್ಕ್ಯಾನ್ ರಿಪೋರ್ಟಲ್ಲಿ ಕಾಲಿನ ರಕ್ತನಾಳ ಸಣ್ಣ ಅಂತ ಬಂದಿದೆ, ಬ್ಲಾಕ್ ಇಲ್ವಂತೆ. ಹಂಗಂದ್ರೆ ಏನು?

ಮಂಜ_ಟಿ5:
ಎಲ್ರಿಗೂ ನಮಸ್ಕಾರ. ಎಂಟು ತಿಂಗಳಿಂದ ಇಲ್ಲಿ ಬರೀ ಓದ್ತಾ ಇದ್ದೆ, ಬರೀತಿರೋದು ಇವತ್ತೇ ಮೊದಲು. ವಯಸ್ಸು 34, ಕೆಂಗೇರಿ ಹತ್ರ ಮನೆ. ಮೂರು ವರ್ಷದ ಹಿಂದೆ ಬೈಕ್ ಆಕ್ಸಿಡೆಂಟಲ್ಲಿ ಬೆನ್ನುಹುರಿಗೆ ಪೆಟ್ಟಾಯ್ತು, ಟಿ5 ಕಂಪ್ಲೀಟ್ (ಎದೆಮಟ್ಟದಲ್ಲಿ ಪೂರ್ತಿ ಪೆಟ್ಟು), ಎದೆಯಿಂದ ಕೆಳಗೆ ಮುಟ್ಟಿದ್ರೂ ಗೊತ್ತಾಗಲ್ಲ. ಕೈ ಗಟ್ಟಿ ಇದೆ, ವೀಲ್‌ಚೇರ್ ನಾನೇ ತಳ್ಕೋತೀನಿ, ಕೆಲಸಕ್ಕೂ ಹೋಗ್ತೀನಿ.

ಎರಡು ತಿಂಗಳಿಂದ ಸಾಯಂಕಾಲ ಆಗ್ತಿದ್ದಂಗೆ ಎರಡೂ ಪಾದ ಊದ್ಕೊಳ್ಳತ್ತೆ, ಸಾಕ್ಸ್ ತೆಗೆದ್ರೆ ಅದರ ಪಟ್ಟಿ ಅಚ್ಚೊತ್ತಿದಂಗೆ ಉಳಿದಿರತ್ತೆ, ಬೆಳಿಗ್ಗೆಗೆ ಇಳಿದಿರತ್ತೆ. ಕ್ಲಾಟ್ (ರಕ್ತ ಹೆಪ್ಪುಗಟ್ಟಿರೋದು) ಇದ್ಯಾ ನೋಡೋಣ ಅಂತ ಡಾಪ್ಲರ್ ಮಾಡಿಸಿದ್ರು. ಕ್ಲಾಟ್ ಇಲ್ಲ, ಬ್ಲಾಕ್ ಇಲ್ಲ, ಆದ್ರೆ ಎರಡೂ ತೊಡೆಯ ಮುಖ್ಯ ರಕ್ತನಾಳದ ಅಳತೆ ಇರಬೇಕಾದ್ದಕ್ಕಿಂತ ಕಮ್ಮಿ ಅಂತ ಬರೆದಿದಾರೆ. ಡಾಕ್ಟ್ರನ್ನ ಕೇಳಿದ್ರೆ "ನಿಮ್ ತರದವ್ರಿಗೆ ಹಂಗೇ ಇರತ್ತೆ ಬಿಡಿ" ಅಂದು ಮುಂದಿನ ಟೋಕನ್ ಕರೆದ್ರು. ನಮ್ಮಮ್ಮ ಬಾಗಿಲ ಹತ್ರ ನಿಂತಿದ್ದೋರು "ನರ ಸಣ್ಣ ಆಗಿದೆಯಂತೆ" ಅಂತ ಅರ್ಧಂಬರ್ಧ ಕೇಳಿಸ್ಕೊಂಡು ಚನ್ನಪಟ್ಟಣದ ದೊಡ್ಡಮ್ಮನವರೆಗೂ ಸುದ್ದಿ ಮುಟ್ಟಿಸಿಬಿಟ್ಟಿದಾರೆ, ಈಗ ದಿನಕ್ಕೊಬ್ರು ಫೋನ್ ಮಾಡಿ ನಾಟಿ ಔಷಧಿ ಹೇಳ್ತಾರೆ.

ಇದು ಡೇಂಜರ್ರಾ? ಮತ್ತೆ ಅಗಲ ಆಗತ್ತಾ? ಹಾರ್ಟ್‌ಗೂ ಇದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ಇನ್ನೊಂದು, ಇದಕ್ಕೆ ಸೇರಿದ್ದೋ ಅಲ್ವೋ ಗೊತ್ತಿಲ್ಲ, ಆಫೀಸಿಂದ ಬರೋವಾಗ ಟ್ರಾಫಿಕ್ ಜಾಸ್ತಿ ಇದ್ದ ದಿನ ತಲೆ ಸಿಡಿದು ಹೋಗೋ ಹಂಗೆ ನೋವು ಬರತ್ತೆ, ಮುಖ ಕತ್ತು ಎಲ್ಲ ಬೆವರತ್ತೆ. ಹೊಗೆಗೆ ಇರಬೇಕು.

ಫಿಸಿಯೋ_ಜಯನಗರ:
ಮಂಜ ಅವ್ರೆ, ಮೊದಲು ಅಮ್ಮನಿಗೆ ಸಮಾಧಾನ ಹೇಳಿ. ನಮ್ ಕಡೆ ನರ್ವ್‌ಗೂ ನರ ಅಂತೀವಿ, ರಕ್ತ ಹರಿಯೋ ನಾಳಕ್ಕೂ ನರ ಅಂತೀವಿ, ಅದಕ್ಕೇ ಅರ್ಧ ಗಾಬರಿ ಹುಟ್ಟೋದು. ನಿಮ್ ರಿಪೋರ್ಟಲ್ಲಿ ಇರೋದು ರಕ್ತನಾಳದ ಮಾತು, ಬೆನ್ನುಹುರಿಗೆ ಹೊಸದಾಗಿ ಏನೂ ಆಗಿಲ್ಲ.

ರಕ್ತನಾಳ ಎಷ್ಟು ಅಗಲ ಇರಬೇಕು ಅನ್ನೋದನ್ನ ಅದರೊಳಗೆ ಹರಿಯೋ ರಕ್ತಾನೇ ತೀರ್ಮಾನ ಮಾಡೋದು. ತೊಡೆಯ ಮಾಂಸಖಂಡ ಕೆಲಸ ಮಾಡ್ತಿದ್ದಾಗ ಅದಕ್ಕೆ ಜಾಸ್ತಿ ರಕ್ತ ಬೇಕಿತ್ತು, ಆ ರಕ್ತ ಒಳಪದರಕ್ಕೆ ಉಜ್ಜಿಕೊಂಡು ಹೋಗ್ತಾ ನಾಳನ ಅಗಲವಾಗಿ ಇಟ್ಟಿತ್ತು. ಪೆಟ್ಟಾದ ಮೇಲೆ ಖಂಡ ಕರಗತ್ತೆ, ಬೇಡಿಕೆ ಇಳಿಯತ್ತೆ, ಕೆಲವೇ ವಾರದಲ್ಲಿ ನಾಳನೂ ಕುಗ್ಗಕ್ಕೆ ಶುರು ಆಗತ್ತೆ, ತೊಡೆಯದ್ದು ಸುಮಾರು ಮೂರನೇ ಒಂದು ಭಾಗದಷ್ಟು ಕಮ್ಮಿ ಆಗೋದು ಮಾಮೂಲಿ. ಜನ ಹತ್ತದೇ ಇರೋ ರೂಟಲ್ಲಿ ಬಿಎಂಟಿಸಿಯವ್ರು ಬಸ್ ಕಮ್ಮಿ ಮಾಡ್ತಾರಲ್ಲ, ಹಂಗೆ. ಬ್ಲಾಕ್ ಅಂದ್ರೆ ಒಳಗೆ ಕೊಬ್ಬು ಕಟ್ಕೊಂಡು ದಾರಿ ಮುಚ್ಚೋದು, ಅದು ಬೇರೆ ಕಾಯಿಲೆ. ನಿಮ್ ಕೈಯಿನ ರಕ್ತನಾಳ ಅಳೆದು ನೋಡಿದ್ರೆ ಆರಾಮಾಗಿ ಇರತ್ತೆ, ದಿನಾ ವೀಲ್‌ಚೇರ್ ತಳ್ತೀರಲ್ಲ.

ಊತದ ಕಥೆ ಇನ್ನೊಂದು ತರ. ನಡೆಯೋವಾಗ ಮೀನಖಂಡ ಹಿಂಡಿ ಹಿಂಡಿ ರಕ್ತನ ಮೇಲಕ್ಕೆ ತಳ್ಳತ್ತೆ, ನಿಮಗೆ ಆ ಪಂಪ್ ನಿಂತಿದೆ, ಜೊತೆಗೆ ಅಲ್ಲಿನ ನಾಳಗಳಿಗೆ "ಬಿಗಿ ಆಗು" ಅಂತ ಮೆದುಳಿಂದ ಬರಬೇಕಾದ ಆರ್ಡರೂ ತಲುಪ್ತಿಲ್ಲ. ದಿನವೆಲ್ಲ ಕೂತ್ರೆ ನೀರು ಪಾದದಲ್ಲೇ ನಿಲ್ಲತ್ತೆ. ಮಧ್ಯಾಹ್ನ ಒಂದ್ಸಲ ಕಾಲು ಎತ್ತರಕ್ಕೆ ಇಟ್ಟು ಮಲಗಿ. ಸ್ಟಾಕಿಂಗ್ಸ್ ಬೇಕಾ ಅಂತ ಡಾಕ್ಟ್ರನ್ನ ಕೇಳಿ, ಹಾಕೋದಾದ್ರೆ ಬೆಳಿಗ್ಗೆ ಏಳೋಕೆ ಮುಂಚೆ ಮಲಗಿದ್ದಲ್ಲೇ ಹಾಕಿಸ್ಕೊಳಿ, ಒಂದು ಮಡಿಕೆನೂ ಇರಬಾರದು, ಮಡಿಕೆ ಇದ್ದಲ್ಲಿ ಚರ್ಮ ಹೋಗತ್ತೆ ನಿಮಗೆ ಗೊತ್ತೂ ಆಗಲ್ಲ.

ಗವಿಪುರ_ಅಂಕಲ್:
ತಮ್ಮಾ ಮಂಜಾ, ಇದಕ್ಕೆಲ್ಲ ಸ್ಕ್ಯಾನು ಪಾನು ಬೇಡ. ಹರಳೆಣ್ಣೆ ಬೆಚ್ಚಗೆ ಮಾಡಿ ರಾತ್ರಿ ಮಲಗೋವಾಗ ಮೀನಖಂಡನ ಚೆನ್ನಾಗಿ ನೀವಿಸ್ಕೋ, ಮೇಲೆ ಬಿಸಿನೀರಿನ ಚೀಲ ಇಟ್ಕೋ. ರಕ್ತ ತಾನೇ ಓಡಾಡತ್ತೆ. ನಮ್ ತಂದೆಗೆ ಲಕ್ವ ಹೊಡೆದಾಗ ಇದರಲ್ಲೇ ಸರಿ ಹೋಗಿದ್ದು.

ಪದ್ದಕ್ಕ_ರಾಜಾಜಿನಗರ:
ಅಂಕಲ್ ದಯವಿಟ್ಟು ಇದನ್ನ ಇಲ್ಲಿ ಬರೀಬೇಡಿ. ಬೇಜಾರಾಗ್ಬೇಡಿ, ಕೋಪದಲ್ಲೇ ಹೇಳ್ತಿದೀನಿ.

ನಮ್ಮನೆಯವ್ರು ಟಿ11. ಆಪರೇಷನ್ ಆಗಿ ಐದನೇ ವಾರ ಮನೆಗೆ ಕರ್ಕೊಂಬಂದ್ವಿ. ಪಕ್ಕದ ಬೀದಿಯಿಂದ ಒಬ್ರು ದಿನಾ ಬಂದು ಎಣ್ಣೆ ಹಚ್ಚಿ ತಿಕ್ತಿದ್ರು. ಒಂದಿನ ಪಂಚೆ ಬದಲಾಯಿಸೋವಾಗ ಎಡಗಾಲು ಯಾಕೋ ಹೊಳೀತಿದೆ ಅನ್ನಿಸ್ತು, ಚರ್ಮ ಬಿಗಿಯಾಗಿ ಬದನೇಕಾಯಿ ತರ. ನಾನು ಬ್ಲೌಸ್ ಹೊಲಿಯೋಳು, ಕತ್ತಲ್ಲಿ ಟೇಪ್ ಇದ್ದೇ ಇರತ್ತೆ, ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಎರಡೂ ಕಾಲಿಗೆ ಸುತ್ತಿ ನೋಡಿದೆ, ಬಲಗಾಲು 31 ಸೆಂಟಿಮೀಟರ್, ಎಡಗಾಲು 35. ಮುಟ್ಟಿದ್ರೆ ಬಿಸಿ. ಇವ್ರಿಗೆ ನೋವು ಅನ್ನೋದೇ ಇಲ್ವಲ್ಲ, ಆರಾಮಾಗಿ ಕ್ರಿಕೆಟ್ ನೋಡ್ತಾ ಕೂತಿದಾರೆ. ಆಟೋದಲ್ಲಿ ಹಾಕ್ಕೊಂಡು ಓಡಿದ್ವಿ. ತೊಡೆವರೆಗೂ ಹೆಪ್ಪುಗಟ್ಟಿತ್ತು. ಅಲ್ಲಿ ಡಾಕ್ಟ್ರು ಮೊದಲು ಕೇಳಿದ್ದೇ "ಯಾರಾದ್ರೂ ಕಾಲು ತಿಕ್ಕಿದ್ರಾ?" ಅಂತ. ಆ ಗಡ್ಡೆ ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿದ್ರೆ ಮನುಷ್ಯ ಉಳೀತಿರ್ಲಿಲ್ಲ ಅಂದ್ರು. ಬೆಳಿಗ್ಗೆ ತಾನೇ ತಿಕ್ಕಿ ಹೋಗಿದ್ರು ಆ ಪುಣ್ಯಾತ್ಮ.

ಪೆಟ್ಟಾದ ಮೊದಲ ಮೂರು ತಿಂಗಳು ಇದರ ಭಯ ಜಾಸ್ತಿ, ಅದಕ್ಕೇ ಹೊಟ್ಟೆಗೆ ರಕ್ತ ತೆಳು ಮಾಡೋ ಇಂಜೆಕ್ಷನ್ ಕೊಡೋದು, ಸಾಮಾನ್ಯವಾಗಿ ಎಂಟು ವಾರನಾದ್ರೂ ಕೊಡ್ತಾರೆ. ನಮಗೆ ಡಿಸ್ಚಾರ್ಜ್ ಚೀಟಿಯಲ್ಲಿ ಅದನ್ನ ಬರೆಯೋದೇ ಬಿಟ್ಟುಹೋಗಿತ್ತು, ನಮಗೂ ಕೇಳಬೇಕು ಅಂತ ಗೊತ್ತಿರಲಿಲ್ಲ.

ಮಂಜಣ್ಣ, ಎರಡೂ ಕಾಲು ಒಂದೇ ಸಮ ಊದಿ ಬೆಳಿಗ್ಗೆಗೆ ಇಳಿದ್ರೆ ಒಂದು ಲೆಕ್ಕ. ಒಂದೇ ಕಾಲು ದಪ್ಪ ಆಗಿ ಬಿಸಿ ಇದ್ರೆ ಅದೇ ದಿನ ಆಸ್ಪತ್ರೆಗೆ. ಮನೇಲಿ ಒಂದು ಟೇಪ್ ಇಟ್ಕೊಳಿ, ಇಪ್ಪತ್ತು ರೂಪಾಯಿ ಅಷ್ಟೇ.

ಚೇರ್_ಚಿಕ್ಕು:
ಬಿಸಿನೀರ್ ಚೀಲದ ಬಗ್ಗೆ ನಾನ್ ಹೇಳ್ತೀನಿ. ನನ್ ಬಲಗಾಲ ಹಿಮ್ಮಡಿ ಸುಟ್ಟಿತ್ತು. ಎರಡೂವರೆ ತಿಂಗಳು ಡ್ರೆಸಿಂಗ್. ಮುಗೀತು.

ಗವಿಪುರ_ಅಂಕಲ್:
ಪದ್ದಮ್ಮ, ಗೊತ್ತಿರಲಿಲ್ಲ ಕಣಮ್ಮ. ಲಕ್ವದ ಕಾಲಿಗೆ ಸ್ಪರ್ಶ ಇತ್ತು ನಮ್ ತಂದೆಗೆ, ಬಿಸಿ ಆದ್ರೆ "ಅಯ್ಯೋ" ಅನ್ನೋರು. ಆದ್ರೂ ಎಣ್ಣೆ ಒತ್ತೋದೇ ತಪ್ಪು ಅನ್ನೋದು ಒಪ್ಪಲ್ಲ.

ಫಿಸಿಯೋ_ಜಯನಗರ:
ತಪ್ಪು ಅಂತ ಯಾರೂ ಹೇಳ್ತಿಲ್ಲ ಅಂಕಲ್. ಕ್ಲಾಟ್ ಇಲ್ಲ ಅಂತ ಖಾತ್ರಿ ಇದ್ರೆ ಒಣಗಿದ ಚರ್ಮಕ್ಕೆ ಎಣ್ಣೆ ಸವರೋದು ಒಳ್ಳೇದೇ, ಸವರೋ ನೆಪದಲ್ಲಿ ಪಾದ ಹಿಮ್ಮಡಿ ಎಲ್ಲ ಕಣ್ಣಿಗೂ ಬೀಳತ್ತೆ. ಆದ್ರೆ ರಕ್ತನಾಳ ಅಗಲ ಆಗೋದಿಲ್ಲ ಅದರಿಂದ.

ಹಳೇ_ಗಾಡಿ:
ನಾನು ಸಿ7 (ಕತ್ತಿನ ಮಟ್ಟದ ಪೆಟ್ಟು), ಹತ್ತೊಂಬತ್ತು ವರ್ಷ ಆಯ್ತು ಕುರ್ಚಿ ಮೇಲೆ. ಎಲ್ರೂ ಕಾಲು ಹಿಡ್ಕೊಂಡು ಕೂತಿದೀರ, ಮಂಜನ ಪೋಸ್ಟಿನ ಕೊನೇ ಎರಡು ಸಾಲು ಯಾರೂ ಓದೇ ಇಲ್ವಾ?

ಮಂಜಾ, ಗುರು, ಆ ತಲೆನೋವು ಹೊಗೆಗೆ ಬರ್ತಿರೋದಲ್ಲ. ಕೊನೇ ಸಲ ಯೂರಿನ್ ಎಷ್ಟು ಹೊತ್ತಿಗೆ ತೆಗೀತೀಯ, ಮನೆ ಸೇರೋದು ಎಷ್ಟು ಹೊತ್ತಿಗೆ?

ಮಂಜ_ಟಿ5:
ಅಣ್ಣ, ಎರಡು ಗಂಟೆಗೆ ಆಫೀಸಲ್ಲಿ ಕ್ಯಾಥೆಟರ್ ಹಾಕಿ ತೆಗೀತೀನಿ. ಮನೆ ಸೇರೋದು ಏಳು ಏಳೂವರೆ, ಮೈಸೂರು ರೋಡ್ ಕೈಕೊಟ್ರೆ ಎಂಟೂ ಆಗತ್ತೆ. ಅಯ್ಯೋ. ಹೌದಲ್ವಾ. ಮನೆಗೆ ಬಂದು ಯೂರಿನ್ ತೆಗೆದ ಮೇಲೆ ನೋವು ಹೋಗತ್ತೆ. ಕಾಫಿ ಕುಡಿದಿದ್ದಕ್ಕೆ ಹೋಯ್ತು ಅಂದ್ಕೊಂಡಿದ್ದೆ ಇಷ್ಟು ದಿನ.

ಹಳೇ_ಗಾಡಿ:
ಅದೇ. ಅದರ ಹೆಸರು ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ, ನಾವು ಎಡಿ ಅಂತೀವಿ. ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವ್ರಿಗೆ ಬರೋದು ಹೆಚ್ಚು. ಮೂತ್ರದ ಚೀಲ ತುಂಬಿದ್ದು, ಮಲ ಕಟ್ಟಿದ್ದು, ಬೆಡ್‌ಸೋರು, ಉಗುರು ಒಳಗೆ ಬೆಳೆದಿದ್ದು, ಪ್ಯಾಂಟಿನ ಹೊಲಿಗೆ ಒತ್ತಿದ್ದು, ಇಂಥದ್ದೇನಾದ್ರೂ ಆದಾಗ ಕೆಳಗಿನ ನರಗಳು ಕೂಗ್ಕೊಳ್ತವೆ, ಆ ಕೂಗು ಮೆದುಳಿಗೆ ಮುಟ್ಟಲ್ಲ, ಆದ್ರೆ ಹೊಟ್ಟೆ ಕಾಲಿನ ರಕ್ತನಾಳ ಎಲ್ಲ ಒಟ್ಟಿಗೆ ಬಿಗ್ಕೊಳ್ತವೆ. ಬಿಪಿ ಜರ್ ಅಂತ ಏರತ್ತೆ. ಮೆದುಳು "ಸಡಿಲ ಆಗ್ರಪ್ಪಾ" ಅಂತ ಆರ್ಡರ್ ಕೊಟ್ರೂ ಅದು ಪೆಟ್ಟಾದ ಜಾಗ ದಾಟಲ್ಲ, ಮೇಲಿನ ಅರ್ಧಕ್ಕೆ ಮಾತ್ರ ಮುಟ್ಟತ್ತೆ, ಅದಕ್ಕೇ ಮುಖ ಕೆಂಪಾಗೋದು ಬೆವರೋದು, ಕೆಳಗೆ ಚರ್ಮ ಬಿಳಿಚ್ಕೊಂಡು ತಣ್ಣಗಿರತ್ತೆ.

ನಮ್ಮಂಥವ್ರಿಗೆ ಮಾಮೂಲಿ ಬಿಪಿನೇ ಮೇಲಿನದು 90, 100, 110 ಇರತ್ತೆ. ಅದಕ್ಕಿಂತ 20ರಿಂದ 40 ಏರಿದ್ರೂ ಎಡಿ ಅಂತ ಅನುಮಾನ ಪಡಬೇಕು. 135 ಬಂದ್ರೆ ಕ್ಲಿನಿಕ್ಕಲ್ಲಿ "ನಾರ್ಮಲ್ ಬಿಡಿ" ಅಂತಾರೆ, ನಮಗದು ನಾರ್ಮಲ್ ಅಲ್ಲ.

ನಂದೇ ಕಥೆ ಕೇಳು. ಆರು ವರ್ಷದ ಹಿಂದೆ ರಾತ್ರಿ ಹನ್ನೊಂದೂವರೆ, ತಲೆ ಒಡೆದು ಹೋಗ್ತಿದೆ, ಕಣ್ಣು ಮಂಜು. ಹತ್ತಿರದ ನರ್ಸಿಂಗ್ ಹೋಮಿಗೆ ಕರ್ಕೊಂಡು ಹೋದ್ರು, 190/110. ಡ್ಯೂಟಿ ಡಾಕ್ಟ್ರು ಚಿಕ್ಕ ಹುಡುಗ, ಬಿಪಿ ಜಾಸ್ತಿ ಅಂದ್ಕೊಂಡು ನನ್ನ ಚಪ್ಪಟೆ ಮಲಗಿಸಿ ಮಾತ್ರೆ ಕೊಡೋಕೆ ಹೊರಟ. ಮಲಗಿಸಿದ್ರೆ ಇನ್ನೂ ಏರತ್ತೆ! ನಮ್ಮಾಕೆ ಯಾರಿಗೂ ಕಾಯದೆ ನನ್ನ ಎತ್ತಿ ಕೂರಿಸಿ, ಹೊಟ್ಟೆ ಬೆಲ್ಟ್ ಬಿಚ್ಚಿ, ತೊಡೆ ಕೆಳಗೆ ಕೈ ಹಾಕಿ ನೋಡ್ತಾಳೆ, ಯೂರಿನ್ ಪೈಪು ಮಡಚ್ಕೊಂಡು ಕೂತಿದೆ. ಬಿಡಿಸಿದ ತಕ್ಷಣ ಬ್ಯಾಗಿಗೆ ಸುರ್ ಅಂತ ಇಳೀತು. ಹತ್ತು ನಿಮಿಷಕ್ಕೆ 118. ಆ ಹುಡುಗನಿಗೆ ಆಶ್ಚರ್ಯ, ಪಾಪ ಅವನ ತಪ್ಪೂ ಅಲ್ಲ, ನಮ್ಮಂಥವ್ರನ್ನ ನೋಡಿರಲಿಲ್ಲ ಅಷ್ಟೇ.

ಹಂಗಾಗಿ ಮೊದಲು ಕೂರೋದು, ಕಾಲು ಇಳಿಬಿಡೋದು, ಬೆಲ್ಟು ಶೂ ಸ್ಟಾಕಿಂಗ್ಸ್ ಬಿಗಿ ಇರೋದೆಲ್ಲ ಬಿಚ್ಚೋದು, ಚೀಲ ಖಾಲಿ ಮಾಡೋದು, ಆಮೇಲೆ ಹೊಟ್ಟೆ, ಚರ್ಮ, ಉಗುರು ನೋಡೋದು. ಐದೈದು ನಿಮಿಷಕ್ಕೆ ಬಿಪಿ. ಕಾರಣ ಸಿಗದೆ 150ರ ಮೇಲೇ ನಿಂತಿದ್ರೆ ಎಮರ್ಜೆನ್ಸಿ, ಇದರಿಂದ ಮೆದುಳಲ್ಲಿ ರಕ್ತಸ್ರಾವ ಆಗಿ ಹೋದವ್ರಿದಾರೆ. ಮತ್ತೆ ಗಂಡಸರಿಗೆ ಒಂದು ಮಾತು, ನಾಚಿಕೆ ಪಡಬೇಡಿ: ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಾಫಿಲ್ (ವಯಾಗ್ರ), ಇಲ್ಲಾ 48 ಗಂಟೆಯಲ್ಲಿ ಟಡಾಲಾಫಿಲ್ ಮಾತ್ರೆ ತಗೊಂಡಿದ್ರೆ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳಿ, ಬಿಪಿ ಇಳಿಸೋಕೆ ಕೊಡೋ ನೈಟ್ರೇಟ್ ಅದರ ಜೊತೆ ಸೇರಿದ್ರೆ ಬಿಪಿ ಪಾತಾಳಕ್ಕೆ.

ರಕ್ತನಾಳ ಸಣ್ಣ ಆಗಿರೋದಕ್ಕಿಂತ ಈ ಏರಿಳಿತದ ಹೊಡೆತನೇ ದೊಡ್ಡದು ಮಂಜ. ವಾರದಲ್ಲಿ ಮೂರ್ನಾಕು ಸಲ ಹಂಗೆ ಏರಿ ಇಳಿದ್ರೆ ನಾಳದ ಗೋಡೆ ಎಷ್ಟು ದಿನ ತಡ್ಕೊಳ್ಳತ್ತೆ ಹೇಳು.

ಅಕ್ಕನ_ತಂಗಿ:
ನಮ್ಮಕ್ಕ ಸಿ6. ಅವಳಿಗೆ ಉಲ್ಟಾ, ಎತ್ತಿ ಕೂರಿಸಿದ್ರೆ ಸಾಕು ಕಣ್ಣು ಕತ್ತಲೆ, 74/48 ಎಲ್ಲ ಬರತ್ತೆ. ಲೋ ಬಿಪಿ ಅಂತ ಮನೇಲಿ ಎಲ್ರೂ ಉಪ್ಪು ತಿನ್ನು ಉಪ್ಪಿನಕಾಯಿ ತಿನ್ನು ಅಂತಾರೆ, ಇಲ್ಲಿ ನೋಡಿದ್ರೆ ಬಿಪಿ ಏರತ್ತೆ ಅಂತೀರ, ಯಾವುದು ನಿಜ?

ಫಿಸಿಯೋ_ಜಯನಗರ:
ಎರಡೂ ನಿಜ, ಎರಡಕ್ಕೂ ಮೂಲ ಕಾರಣ ಒಂದೇ. ಎದ್ದು ಕೂತಾಗ ಕಾಲಿನ ನಾಳ ಬಿಗಿ ಆಗಬೇಕು, ಆರ್ಡರ್ ಹೋಗಲ್ಲ, ರಕ್ತ ಕೆಳಗೆ ಇಳಿಯತ್ತೆ, ತಲೆಗೆ ಕಮ್ಮಿ ಬೀಳತ್ತೆ. ಕೂರಿಸಿದ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದ್ರೆ ಅದಕ್ಕೆ ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್ ಅಂತೀವಿ. ಮಂಚದ ತಲೆಭಾಗ ಹಂತ ಹಂತವಾಗಿ ಎತ್ತಿ, ಹೊಟ್ಟೆಗೆ ಬೈಂಡರ್ ಕಟ್ಟಿ ಕೂರಿಸಿ, ಒಂದೇ ಸಲ ಹೊಟ್ಟೆ ತುಂಬ ಊಟ ಬೇಡ, ಊಟ ಆದ ಮೇಲೆ ಬಿಪಿ ಇನ್ನೂ ಇಳಿಯತ್ತೆ. ಉಪ್ಪು ಮಾತ್ರ ಡಾಕ್ಟ್ರು ಹೇಳಿದಷ್ಟೇ. ಮಿಡೋಡ್ರಿನ್ ಅಂತ ಮಾತ್ರೆನೂ ಇದೆ, ಅದನ್ನ ತಗೊಂಡು ಚಪ್ಪಟೆ ಮಲಗಬಾರದು, ಸ್ವಂತಕ್ಕೆ ಶುರು ಮಾಡ್ಬೇಡಿ. ಇವತ್ತು ಲೋ ಇರೋರಿಗೇ ನಾಳೆ ಎಡಿ ಬರಬಹುದು, ಸಿ6 ಅಂದ್ರೆ ಅಕ್ಕನಿಗೂ ಮೇಲೆ ಅಣ್ಣ ಹೇಳಿದ್ದೆಲ್ಲ ಅನ್ವಯ ಆಗತ್ತೆ.

ಚೇರ್_ಚಿಕ್ಕು:
ಹಾರ್ಟ್ ಬಗ್ಗೆ ಮಂಜ ಕೇಳಿದ್ದಕ್ಕೆ ಯಾರೂ ಉತ್ರ ಕೊಟ್ಟಿಲ್ಲ

ಹಳೇ_ಗಾಡಿ:
ಕೊಡ್ತೀನಿ ಇರು, ಒಂದು ಬೆರಳಲ್ಲಿ ಟೈಪ್ ಮಾಡ್ತಿದೀನಿ.

ಲುಡ್ವಿಗ್ ಗುಟ್‌ಮನ್ ಅಂತ ಡಾಕ್ಟ್ರು 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಸ್ಪೈನಲ್ ವಾರ್ಡ್ ಶುರು ಮಾಡೋಕೆ ಮುಂಚೆ ನಮ್ಮಂಥವ್ರು ಬೆಡ್‌ಸೋರಿಗೋ ಯೂರಿನ್ ಇನ್ಫೆಕ್ಷನ್ನಿಗೋ ಬೇಗ ಹೋಗಿಬಿಡ್ತಿದ್ರು. 1948ರಲ್ಲಿ ಅದೇ ಆಸ್ಪತ್ರೆ ಅಂಗಳದಲ್ಲಿ 16 ಜನರ ಕೈಗೆ ಬಿಲ್ಲು ಬಾಣ ಕೊಟ್ಟು ಪಂದ್ಯ ಆಡಿಸಿದ, ಅದೇ ಇವತ್ತಿನ ಪ್ಯಾರಾಲಿಂಪಿಕ್ಸ್. ಈಗ ನಾವು ಬದುಕಿ ವಯಸ್ಸಾಗ್ತಿದೀವಿ, ವಯಸ್ಸಾದ ಮೇಲೆ ಊರಿಗೆಲ್ಲ ಬರೋ ಹಾರ್ಟ್ ಕಾಯಿಲೆ ನಮಗೆ ಸ್ವಲ್ಪ ಮುಂಚೇನೇ ಬರತ್ತೆ. ಮಾಂಸಖಂಡ ಹೋಗಿ ಆ ಜಾಗಕ್ಕೆ ಕೊಬ್ಬು ಬರತ್ತೆ, ಒಳ್ಳೇ ಕೊಲೆಸ್ಟ್ರಾಲ್ ಎಚ್‌ಡಿಎಲ್ ಕಮ್ಮಿ ಆಗತ್ತೆ, ಶುಗರ್ ಮೇಲೇರತ್ತೆ.

ನೋಡೋಕೆ ಸಣ್ಣಗಿದೀನಿ ಅಂದ್ಕೊಂಡಿದ್ದೆ ನಾನು. ಊರಿಗೆಲ್ಲ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿದ್ರೆ ದಪ್ಪ, ಬೆನ್ನುಹುರಿ ಪೆಟ್ಟಿನವ್ರಿಗೆ 22ಕ್ಕೇ ಬೊಜ್ಜಿನ ಲೆಕ್ಕ. ನಂದು 24 ಇತ್ತು. ಆಕ್ಸಿಡೆಂಟಿಗೆ ಮುಂಚೆ ಮೂಟೆ ಹೊರ್ತಿದ್ದಾಗ ತಿಂತಿದ್ದ ಎರಡು ಮುದ್ದೆ, ಆಮೇಲಿನ ಅನ್ನ, ಮೇಲೆ ಸಾಯಂಕಾಲ ಬೇಕರಿ ಬನ್ನು, ಅಷ್ಟೂ ಹಂಗೇ ನಡೀತಿತ್ತು. ಬೀಡಿ ಬೇರೆ. ಕಳೆದ ವರ್ಷ ಎರಡು ದಿನ ಸುಮ್ನೆ ಸುಸ್ತು, ಕಾಲು ಸ್ಪ್ಯಾಸಮ್ (ತಾನಾಗೇ ಸೆಟೆಯೋದು) ಜಾಸ್ತಿ, ತಣ್ಣೀರಂಥ ಬೆವರು. ಎದೆನೋವು ಒಂಚೂರೂ ಇಲ್ಲ. ಇಸಿಜಿ ಮಾಡಿದ್ರೆ ಹಾರ್ಟ್ ಅಟ್ಯಾಕ್ ಆಗಿ ಹೋಗಿತ್ತು, ಸ್ಟೆಂಟ್ ಹಾಕಿದ್ರು. ಮೇಲ್ಮಟ್ಟದ ಪೆಟ್ಟಿನವ್ರಿಗೆ ಎದೆನೋವು ಸರಿಯಾಗಿ ಗೊತ್ತಾಗದೇ ಇರಬಹುದು, ನೋವು ಬರ್ಲಿ ಆಮೇಲೆ ನೋಡೋಣ ಅಂತ ಕಾಯೋ ಹಂಗಿಲ್ಲ. ಈಗ ಒಂದು ಮುದ್ದೆ, ಬಸ್ಸಾರು, ಪಲ್ಯ ಜಾಸ್ತಿ. ಬೀಡಿ ಬಿಟ್ಟೆ. ಬನ್ನು ಪೂರ್ತಿ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಮಂಜ_ಟಿ5:
ನಾನು ದಿನಾ ಚೇರ್ ತಳ್ತೀನಲ್ಲ ಅಣ್ಣ, ಅದೇ ಎಕ್ಸರ್ಸೈಜ್ ಅಂದ್ಕೊಂಡಿದ್ದೆ.

ಫಿಸಿಯೋ_ಜಯನಗರ:
ಆಫೀಸ್ ಒಳಗೆ ನೈಸ್ ಟೈಲ್ಸ್ ಮೇಲೆ ತಳ್ಳೋದು ಲೆಕ್ಕಕ್ಕಿಲ್ಲ ಮಂಜ. ಬೆನ್ನುಹುರಿ ಪೆಟ್ಟಿನವ್ರಿಗೇ ಅಂತ 2018ರಲ್ಲಿ ಬಂದ ಅಂತರರಾಷ್ಟ್ರೀಯ ಸಲಹೆ ಪ್ರಕಾರ ಫಿಟ್ನೆಸ್ಸಿಗೆ ವಾರಕ್ಕೆ ಎರಡು ಸಲ 20 ನಿಮಿಷ ಉಸಿರು ಏರೋ ಹಂಗೆ ವ್ಯಾಯಾಮ, ಜೊತೆಗೆ ಎರಡು ದಿನ ತೋಳು ಭುಜಕ್ಕೆ ತೂಕದ್ದು. ಹಾರ್ಟು, ಶುಗರ್ ಲೆಕ್ಕಕ್ಕಾದ್ರೆ ವಾರಕ್ಕೆ ಮೂರು ಸಲ 30 ನಿಮಿಷ. ಕೈ ಸೈಕಲ್ ಇದ್ರೆ ಸರಿ, ಇಲ್ದಿದ್ರೆ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡಲ್ಲ, ಅಲ್ಲಿ ಜೋರಾಗಿ ತಳ್ಳಿ. ವಾಚಲ್ಲಿ ಹಾರ್ಟ್‌ರೇಟ್ ಮಾತ್ರ ನಂಬಬೇಡಿ, ಮೇಲ್ಮಟ್ಟದ ಪೆಟ್ಟಿನವ್ರಿಗೆ, ಅದರಲ್ಲೂ ಕತ್ತಿನ ಹತ್ರ ಆದವ್ರಿಗೆ, ಎಷ್ಟು ಒದ್ದಾಡಿದ್ರೂ ಅದು 110-130ಕ್ಕೆ ನಿಂತುಬಿಡಬಹುದು. ಮಾತಾಡಬಹುದು ಆದ್ರೆ ಹಾಡಕ್ಕಾಗಲ್ಲ ಅನ್ನೋಷ್ಟು ಏದುಸಿರು ಬಂದ್ರೆ ಸರಿಯಾಗಿ ಮಾಡ್ತಿದೀರ ಅಂತ.

ಇನ್ನು ಕಾಲಿನ ನಾಳ ಅಗಲ ಆಗತ್ತಾ ಅನ್ನೋದು. ಆಗತ್ತೆ. ಎಫ್‌ಇಎಸ್ ಸೈಕಲ್ ಅಂತ ಇದೆ, ತೊಡೆಗೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಟ್ರೆ ನಿಮ್ ಖಂಡಗಳೇ ಪೆಡಲ್ ತುಳಿಯತ್ತೆ. ಕೆಲವೇ ವಾರದಲ್ಲಿ ತೊಡೆಯ ರಕ್ತನಾಳ ಅಗಲ ಆಗಿದ್ದು ಅಧ್ಯಯನಗಳಲ್ಲಿ ಕಂಡಿದೆ, ನಿಲ್ಲಿಸಿದ್ರೆ ಅಷ್ಟೇ ಬೇಗ ವಾಪಸ್ ಕುಗ್ಗಿದ್ದೂ ಕಂಡಿದೆ. ನಡೆಯೋಕೆ ಆಗಲ್ಲ ಅದರಿಂದ, ಯಾರಾದ್ರೂ ಆಗತ್ತೆ ಅಂತ ದುಡ್ಡು ಕೇಳಿದ್ರೆ ಎದ್ದು ಬನ್ನಿ. ಬೆನ್ನಿನ ತೀರಾ ಕೆಳಭಾಗದಲ್ಲಿ ನರದ ಬೇರೇ ಹೋಗಿರೋರಿಗೆ ಕೆಲಸ ಮಾಡಲ್ಲ, ಮೂಳೆ ಸವೆದಿದ್ರೆ ಮುರಿಯೋ ಭಯ, ಟಿ5ಗೆ ಆ ಕರೆಂಟಿಂದಲೇ ಎಡಿ ಬರಬಹುದು. ಹಂಗಾಗಿ ಮೊದಲು ರಿಹ್ಯಾಬ್ ಡಾಕ್ಟ್ರು ನೋಡಲಿ. ನಿಮ್ಹಾನ್ಸ್‌ನಲ್ಲಿ ನ್ಯೂರೋ ರಿಹ್ಯಾಬ್ ವಿಭಾಗನೇ ಇದೆ, ಸೇಂಟ್ ಜಾನ್ಸ್‌ನಲ್ಲಿ ಪಿಎಂಆರ್ (ರಿಹ್ಯಾಬ್ ವಿಭಾಗ) ಇದೆ, ಲಿಂಗರಾಜಪುರದ ಎಪಿಡಿ ಸಂಸ್ಥೆಯವ್ರೂ ಸ್ಪೈನಲ್ ಇಂಜುರಿ ಆದವ್ರ ಜೊತೆ ಕೆಲಸ ಮಾಡ್ತಾರೆ.

ಪದ್ದಕ್ಕ_ರಾಜಾಜಿನಗರ:
ಸೈಕಲ್ ಮನೆಗೆ ತರೋಕೆ ಹೋದ್ರೆ ಲಕ್ಷಗಟ್ಟಲೆ ಹೇಳ್ತಾರೆ. ಸೆಂಟರಲ್ಲಿ ಹೋಗಿ ತುಳಿಯೋದೇ ವಾಸಿ. ಆದ್ರೆ ವಾರಕ್ಕೆ ಮೂರು ಸಲ ಕ್ಯಾಬಿನ ಖರ್ಚು ಯಾರು ಕೊಡ್ತಾರೆ ಅನ್ನೋದು ಯಾವ ಅಧ್ಯಯನದಲ್ಲೂ ಬರೆಯಲ್ಲ ನೋಡಿ.

ಮಂಜ_ಟಿ5:
ಮೂರು ವಾರ ಆಯ್ತು, ಅಪ್‌ಡೇಟ್ ಹಾಕ್ತಿದೀನಿ. ಬಿಪಿ ಮೆಷಿನ್ ತಗೊಂಡು ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಬೆಳಿಗ್ಗೆ ಮಲಗಿದ್ದಾಗ 108/68, ಕೂತ ಮೇಲೆ 96/60. ಎರಡನೇ ವಾರ ಬುಧವಾರ ಸಾಯಂಕಾಲ ತಲೆನೋವು ಶುರು ಆದಾಗ ಕ್ಯಾಬಲ್ಲೇ ಕಟ್ಟಿ ನೋಡಿದೆ, ನಾಯಂಡಹಳ್ಳಿ ಜಂಕ್ಷನ್, 162/96. ಡ್ರೈವರ್ ಅಣ್ಣಂಗೆ ಸೈಡಿಗೆ ಹಾಕಿ ಅಂದೆ, ಗಾಜಿಗೆ ಟವೆಲ್ ಮುಚ್ಚಿ ಹಿಂದಿನ ಸೀಟಲ್ಲೇ ಕ್ಯಾಥೆಟರ್ ಹಾಕಿದೆ, ಬಾಟ್ಲಲ್ಲಿ 750 ಎಂಎಲ್. 500 ದಾಟಬಾರದು ಅಂತ ಹೇಳ್ಕೊಟ್ಟಿದ್ರು, ಮರೆತೇಬಿಟ್ಟಿದ್ದೆ. ಹನ್ನೆರಡು ನಿಮಿಷಕ್ಕೆ 112. ಡ್ರೈವರ್ ಪಾಪ ಆ ಕಡೆ ತಿರುಗಿ ನಿಂತು ಟ್ರಾಫಿಕ್ ಪೊಲೀಸಿಗೆ "ಸಾರ್ ಎಮರ್ಜೆನ್ಸಿ ಸಾರ್" ಅಂತ ಸಮಜಾಯಿಷಿ ಹೇಳ್ತಿದ್ದ.

ಈಗ ಐದೂವರೆಗೆ ಆಫೀಸಲ್ಲೇ ಇನ್ನೊಂದ್ಸಲ ತೆಗೆದು ಹೊರಡ್ತೀನಿ. ತಲೆನೋವು ಬಂದಿಲ್ಲ. ರಿಹ್ಯಾಬ್ ಡಾಕ್ಟ್ರು ಮೂಳೆ ಸ್ಕ್ಯಾನ್ ನೋಡಿ ಆಮೇಲೆ ಸೈಕಲ್ ಅಂದಿದಾರೆ, ಲಿಪಿಡ್ ಟೆಸ್ಟಲ್ಲಿ ಎಚ್‌ಡಿಎಲ್ 29 ಬಂದಿದೆ, ಹಳೇ ಗಾಡಿ ಅಣ್ಣ ಹೇಳಿದ್ದೇ ಸರಿ. ಅಮ್ಮ ದೊಡ್ಡಮ್ಮಂಗೆ ಫೋನಲ್ಲಿ "ನರ ಅಲ್ವಂತೆ ಅಕ್ಕ, ರಕ್ತನಾಳವಂತೆ" ಅಂದ್ರು, ದೊಡ್ಡಮ್ಮ "ಅದು ಇನ್ನೂ ಕೆಟ್ಟದಲ್ವಾ" ಅಂದ್ರಂತೆ.

ಹಳೇ_ಗಾಡಿ:
ಮಂಜಾ, ಬಿಪಿ ಕಟ್ಟೋ ಪಟ್ಟಿ ಯಾವ ಸೈಜು? ಚೇರ್ ತಳ್ಳಿ ತಳ್ಳಿ ನಮ್ ತೋಳು ದಪ್ಪ ಇರತ್ತೆ, ಸಣ್ಣ ಪಟ್ಟಿ ಕಟ್ಟಿದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ.

ಮಂಜ_ಟಿ5:
ಡಬ್ಬದ ಜೊತೆ ಬಂದಿದ್ದೇ ಕಟ್ತಿದೀನಿ ಅಣ್ಣ. ಟೇಪ್ ತಗೊಂಡು ತೋಳು ಅಳೀತೀನಿ ಇರಿ.